ಲಾಭದ ಹಂಗಿಲ್ಲದ ನಾಡಿನಲ್ಲಿ ಹೊಗೆ ಏಕೆ ದಟ್ಟವಾಯಿತು?

ಪ್ರಶ್ನೆ: ಪರಿಸರ ನಾಶಕ್ಕೆ ಬಂಡವಾಳಶಾಹಿಯ ಲಾಭಕೋರತನವೇ ಮೂಲ ಎಂದು ಓದುತ್ತ ಬೆಳೆದವನು ನಾನು. ಆದರೆ ಖಾಸಗಿ ಲಾಭವೇ ಇಲ್ಲದಿದ್ದ ಕಮ್ಯುನಿಸ್ಟ್ ದೇಶಗಳಲ್ಲಿ ಗಾಳಿ, ನೀರು ಇನ್ನೂ ಹೆಚ್ಚು ಕೆಟ್ಟಿದ್ದವೆಂದು ಈಚೆಗೆ ಕೇಳಿದೆ. ಇದು ನಿಜವೇ, ಇಲ್ಲವೇ ಶೀತಲ ಸಮರದ ಕಾಲದ ಅಪಪ್ರಚಾರವೇ? ನಿಜವಾದರೆ, ಆ ಸಿದ್ಧಾಂತವೇ ಅದಕ್ಕೆ ಕಾರಣವೇ?

ಉತ್ತರ: ಕೆಟ್ಟಿದ್ದವು ಎಂಬುದು ನಿಜ. ಅದಕ್ಕೆ ಸಿದ್ಧಾಂತವೇ ಕಾರಣವೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಮಾತ್ರ ಹೌದು ಅಥವಾ ಇಲ್ಲ ಎಂದು ಹೇಳಿ ಮುಗಿಸಲಾಗದು. ಸೋವಿಯತ್ ಒಕ್ಕೂಟದಿಂದ ಕ್ಯೂಬಾದವರೆಗಿನ ಎಲ್ಲ ದೇಶಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿ ತೀರ್ಪು ಕೊಡುವ ಬದಲು ನಾನು ಒಂದು ದೇಶವನ್ನು ಹಿಡಿದು ವಿವರಿಸುತ್ತೇನೆ: 1949ರಿಂದ 1990ರವರೆಗೆ ಇದ್ದ ಪೂರ್ವ ಜರ್ಮನಿ. ಒಂದೇ ಭಾಷೆ, ಒಂದೇ ಎಂಜಿನಿಯರಿಂಗ್ ಪರಂಪರೆ ಇದ್ದ ಪಶ್ಚಿಮ ಜರ್ಮನಿ ಗಡಿಯ ಆಚೆಗೇ ಇದ್ದುದರಿಂದ ಇಲ್ಲಿ ಹೋಲಿಕೆ ಸುಲಭವಾಗುತ್ತದೆ. ಜೊತೆಗೆ, ಆ ಸರ್ಕಾರ ಬಿದ್ದ ಮೇಲೆ ಅದರ ಕಡತಗಳು ತೆರೆದುಕೊಂಡವು. ಯಾರಿಗೆ ಏನು ಗೊತ್ತಿತ್ತು, ಯಾವಾಗ ಗೊತ್ತಿತ್ತು ಎಂಬುದನ್ನು ಇಂದು ಊಹಿಸಬೇಕಾಗಿಲ್ಲ.

ಮೊದಲು ಅಳತೆಗಳನ್ನು ನೋಡೋಣ. ಕರ್ನಾಟಕದ ಜನಸಂಖ್ಯೆಯ ಮೂರನೇ ಒಂದು ಭಾಗವನ್ನೂ ಮುಟ್ಟದ, ಸುಮಾರು 1.65 ಕೋಟಿ ಜನರಿದ್ದ ಆ ದೇಶ 1985ರ ಹೊತ್ತಿಗೆ ವರ್ಷಕ್ಕೆ 31 ಕೋಟಿ ಟನ್‌ಗೂ ಹೆಚ್ಚು ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲನ್ನು ತೆಗೆಯುತ್ತಿತ್ತು. ಇಡೀ ಜಗತ್ತು ತೆಗೆಯುತ್ತಿದ್ದುದರಲ್ಲಿ ಇದು ಹತ್ತಿರ ಹತ್ತಿರ ಕಾಲು ಭಾಗ. ದೇಶದ ಒಟ್ಟು ಇಂಧನದಲ್ಲಿ ಸುಮಾರು 70 ಶೇಕಡ ಈ ಒಂದೇ ಮೂಲದಿಂದ ಬರುತ್ತಿತ್ತು. 1980ರ ದಶಕದ ಕೊನೆಯಲ್ಲಿ ಅಲ್ಲಿನ ಚಿಮಣಿಗಳಿಂದ ವರ್ಷಕ್ಕೆ 50 ಲಕ್ಷ ಟನ್‌ಗೂ ಹೆಚ್ಚು ಸಲ್ಫರ್ ಡೈಆಕ್ಸೈಡ್ ಹೊರಬರುತ್ತಿತ್ತು, ಅಂದರೆ ತಲೆಗೆ 300 ಕಿಲೋಗ್ರಾಂ. ಸುಮಾರು ನಾಲ್ಕು ಪಟ್ಟು ಜನರಿದ್ದ ಪಶ್ಚಿಮ ಜರ್ಮನಿಯೂ 1980ರಲ್ಲಿ 30 ಲಕ್ಷ ಟನ್ ಮೀರಿ ಉಗುಳುತ್ತಿತ್ತು. ಆದರೆ ದೊಡ್ಡ ಬಾಯ್ಲರ್‌ಗಳ ಹೊಗೆಯಿಂದ ಗಂಧಕವನ್ನು ತೆಗೆಯಲೇಬೇಕೆಂದು 1983ರಲ್ಲಿ ನಿಯಮ ತಂದ ಮೇಲೆ ಅಲ್ಲಿ ಅದು ದಶಕದ ಕೊನೆಗೆ ಸುಮಾರು 10 ಲಕ್ಷ ಟನ್‌ಗೆ ಇಳಿಯಿತು. ಅದೇ ವರ್ಷಗಳಲ್ಲಿ ಪೂರ್ವದ ಅಂಕಿ ಏರಿತು. 1985ರಲ್ಲಿ ಹೆಲ್ಸಿಂಕಿಯಲ್ಲಿ ಶೇಕಡ 30ರಷ್ಟು ಕಡಿತಕ್ಕೆ ಒಪ್ಪಿ ಸಹಿ ಹಾಕಿದ ಮೇಲೂ ಅದು ಏರಿತು.

ಇದಕ್ಕೆಲ್ಲ ನೆಲದ ಕಾರಣವೂ ಇದೆ. ಅದನ್ನು ಹೇಳದೆ ಮುಂದೆ ಹೋದರೆ ಆ ದೇಶಕ್ಕೆ ಅನ್ಯಾಯವಾದೀತು. ಎರಡನೆಯ ಮಹಾಯುದ್ಧದ ನಂತರ ಜರ್ಮನಿಯ ಒಳ್ಳೆಯ ಕಲ್ಲಿದ್ದಲಿನಲ್ಲಿ ರೂರ್ ಕಣಿವೆ ಪಶ್ಚಿಮಕ್ಕೆ ಹೋಯಿತು, ಮೇಲ್ ಸಿಲೇಸಿಯ ಪೋಲೆಂಡಿಗೆ ಹೋಯಿತು. ಪೂರ್ವಕ್ಕೆ ಉಳಿದದ್ದು ಲಿಗ್ನೈಟ್, ಅಂದರೆ ಪೂರ್ತಿ ಮಾಗದ ಕಂದು ಕಲ್ಲಿದ್ದಲು. ನಮಗೆ ಹತ್ತಿರದ ಉದಾಹರಣೆ ತಮಿಳುನಾಡಿನ ನೈವೇಲಿ. ಅಲ್ಲಿನ ಮೊದಲ ವಿದ್ಯುತ್ ಸ್ಥಾವರವನ್ನು ಕಟ್ಟಲು ನೆರವಾದದ್ದು ಸೋವಿಯತ್ ಒಕ್ಕೂಟ. ಅಲ್ಲಿನ ಲಿಗ್ನೈಟ್‌ನಿಂದ ಹುಟ್ಟಿದ ವಿದ್ಯುತ್ತಿನಲ್ಲಿ ಕರ್ನಾಟಕಕ್ಕೂ ಪಾಲು ಬರುತ್ತದೆ. ಪೂರ್ವ ಜರ್ಮನಿಯ ಲಿಗ್ನೈಟ್‌ನಲ್ಲಿ ಅರ್ಧದಷ್ಟು ಬರಿ ನೀರು; ಒಳ್ಳೆಯ ಕಲ್ಲಿದ್ದಲಿನ ಮೂರನೇ ಒಂದು ಭಾಗದಷ್ಟು ಮಾತ್ರ ಶಾಖ; ಗಂಧಕವೂ ಬೂದಿಯೂ ಧಾರಾಳ. ಒಂದು ಟನ್ ಲಿಗ್ನೈಟ್ ಸಿಗಬೇಕಾದರೆ ಅದರ ಮೇಲಿನ ನಾಲ್ಕೈದು ಘನಮೀಟರ್ ಮಣ್ಣನ್ನು ಸರಿಸಬೇಕು, ಅದಕ್ಕಿಂತ ಹೆಚ್ಚು ಅಂತರ್ಜಲವನ್ನು ಪಂಪ್ ಮಾಡಿ ಹೊರಹಾಕಬೇಕು.

ಒದ್ದೆ ಇಂಧನವನ್ನು ನೆಚ್ಚಿಕೊಳ್ಳುವುದೆಂದರೇನು ಎಂಬುದು 1978ರ ಡಿಸೆಂಬರ್ 31ರಂದು ಇಡೀ ದೇಶಕ್ಕೆ ಗೊತ್ತಾಯಿತು. ಕೆಲವೇ ಗಂಟೆಗಳಲ್ಲಿ ಉಷ್ಣಾಂಶ ಶೂನ್ಯಕ್ಕಿಂತ ಬಹಳ ಕೆಳಕ್ಕೆ ಕುಸಿಯಿತು. ರೈಲು ವ್ಯಾಗನ್‌ಗಳಲ್ಲಿದ್ದ ಲಿಗ್ನೈಟ್ ಬಂಡೆಯಂತೆ ಹೆಪ್ಪುಗಟ್ಟಿತು. ಗಣಿಯ ಯಂತ್ರಗಳು ನಿಂತವು. ಹೊಸವರ್ಷದ ದಿನ ಸೈನಿಕರು ಹಾರೆ, ಗುದ್ದಲಿ, ಗಾಳಿಯ ಡ್ರಿಲ್‌ಗಳನ್ನು ಹಿಡಿದು ವ್ಯಾಗನ್ ಕೆರೆಯುತ್ತಿದ್ದರೆ ಇತ್ತ ಊರೂರುಗಳಲ್ಲಿ ದೀಪ ಆರುತ್ತಿತ್ತು.

ಈ ಹಂಗಿನಿಂದ ತಪ್ಪಿಸಿಕೊಳ್ಳಲು ಅವರು ಪ್ರಯತ್ನಿಸಿದ್ದೂ ಉಂಟು. 1958ರಲ್ಲಿ ರಸಾಯನೋದ್ಯಮವು ಅನ್ನ, ಸಮೃದ್ಧಿ, ಸೌಂದರ್ಯ ಮೂರನ್ನೂ ಕೊಡುತ್ತದೆ ಎಂಬ ಘೋಷಣೆ ಹೊರಟಿತು. 1960ರ ದಶಕದಲ್ಲಿ ‘ಗೆಳೆತನ’ ಎಂಬ ಅರ್ಥದ ದ್ರುಷ್ಬಾ ಕೊಳವೆಮಾರ್ಗ ಸೋವಿಯತ್ ಕಚ್ಚಾ ತೈಲವನ್ನು ಓಡರ್ ನದಿಯ ಬದಿಯ ಶ್ವೆಟ್ ಊರಿಗೆ ತಂದಿತು. ಆಗ ಸ್ವಲ್ಪ ಕಾಲ ಲಿಗ್ನೈಟ್‌ನ ಪಾಲು ನಿಜವಾಗಿಯೂ ಇಳಿಯುತ್ತಿತ್ತು. ಆದರೆ 1970ರ ದಶಕದಲ್ಲಿ ತೈಲದ ಬೆಲೆ ಏರಿತು. ಪೂರ್ವ ಜರ್ಮನಿ ಸೋವಿಯತ್ ತೈಲವನ್ನು ಸಂಸ್ಕರಿಸಿ ಪಶ್ಚಿಮಕ್ಕೆ ಮಾರಿ ವಿದೇಶಿ ಸಾಲ ತೀರಿಸುವ ದಾರಿ ಹಿಡಿದಿತ್ತು. 1981ರಲ್ಲಿ ಮಾಸ್ಕೋ ವರ್ಷದ ಪೂರೈಕೆಯನ್ನು 190 ಲಕ್ಷ ಟನ್‌ನಿಂದ 170 ಲಕ್ಷಕ್ಕೆ ಇಳಿಸುವುದಾಗಿ ತಿಳಿಸಿದಾಗ ಪೂರ್ವ ಜರ್ಮನಿಯ ನಾಯಕ ಎರಿಕ್ ಹೊನೆಕರ್ ಸೋವಿಯತ್ ನಾಯಕ ಬ್ರೆಷ್ನೆವ್‌ಗೆ ಪತ್ರ ಬರೆದು ಅಂಗಲಾಚಿದರೂ ಪ್ರಯೋಜನವಾಗಲಿಲ್ಲ. ಮಾರಾಟಕ್ಕೆ ತೈಲ ಉಳಿಯಬೇಕಾದರೆ ದೇಶದೊಳಗೆ ಮತ್ತೆ ಲಿಗ್ನೈಟ್ ಸುಡಬೇಕು. ಹೀಗೆ ಜಗತ್ತಿನ ಇತರ ಕೈಗಾರಿಕಾ ದೇಶಗಳು ಆಚೆ ಹೊರಟಿದ್ದ ಹೊತ್ತಿನಲ್ಲಿ ಪೂರ್ವ ಜರ್ಮನಿ ಹಿಂದಕ್ಕೆ ತಿರುಗಿತು. ಲೈಪ್‌ಜಿಗ್‌ನ ದಕ್ಷಿಣಕ್ಕಿದ್ದ ಎಸ್ಪೆನ್‌ಹೈನ್‌ನ ಕಾರ್ಖಾನೆ ನಾಜಿಗಳ ಕಾಲದಲ್ಲಿ ಯುದ್ಧಕ್ಕೆ ಬೇಕಾದ ಇಂಧನಕ್ಕೆಂದು ಕಟ್ಟಿದ್ದು. ಲಿಗ್ನೈಟ್‌ನಿಂದ ಟಾರ್ ಮತ್ತು ತೈಲ ಬಟ್ಟಿ ಇಳಿಸುತ್ತಿದ್ದ ಅದೇ ಒಲೆಗಳು 1980ರ ದಶಕದಲ್ಲೂ ಉರಿಯುತ್ತಿದ್ದವು. ಹಿಟ್ಲರನ ಸ್ವಾವಲಂಬನೆಯ ಯಂತ್ರಗಳನ್ನು ಫ್ಯಾಸಿಸಂ ವಿರೋಧಿ ಎಂದು ಕರೆದುಕೊಂಡ ರಾಜ್ಯ ನಲವತ್ತು ವರ್ಷ ಓಡಿಸಿತು.

ಇಷ್ಟನ್ನು ಓದಿದವರು ‘ಪಾಪ, ಬಡತನ’ ಎಂದಾರು. ಬಡತನ ಇತ್ತು. ಆದರೆ ನನ್ನ ವಾದ ಶುರುವಾಗುವುದು ಅದರ ಮುಂದೆ. ಪರಿಸರದ ಕಾನೂನು ಮಾಡುವುದರಲ್ಲಿ ಪೂರ್ವ ಜರ್ಮನಿ ಪಶ್ಚಿಮಕ್ಕಿಂತ ಮುಂದಿತ್ತು. 1968ರ ಅದರ ಸಂವಿಧಾನದ 15ನೇ ವಿಧಿಯೇ ಪ್ರಕೃತಿಯ ರಕ್ಷಣೆಯನ್ನೂ, ನೀರು ಮತ್ತು ಗಾಳಿಯ ಶುದ್ಧಿಯನ್ನೂ ರಾಜ್ಯದ ಕರ್ತವ್ಯವೆಂದು ಬರೆದಿತ್ತು. 1970ರಲ್ಲಿ ಸಮಗ್ರ ಕಾಯ್ದೆ ಬಂತು, 1972ರಲ್ಲಿ ಪರಿಸರಕ್ಕೆಂದೇ ಸಚಿವಾಲಯ ಬಂತು. ಪಶ್ಚಿಮ ಜರ್ಮನಿಗೆ ಅಂಥ ಸಚಿವಾಲಯ ಬಂದದ್ದು 1986ರಲ್ಲಿ, ಚೆರ್ನೋಬಿಲ್ ಆದ ಮೇಲೆ. ಅಳೆಯುವ ಕೆಲಸವೂ ನಡೆಯುತ್ತಿತ್ತು: ಯಾವ ನದಿಯಲ್ಲಿ ಎಷ್ಟು ವಿಷ, ಯಾವ ಕಾಡಿನಲ್ಲಿ ಎಷ್ಟು ಮರ ಒಣಗಿದೆ ಎಂಬ ವರದಿಗಳು ಬರ್ಲಿನ್‌ಗೆ ಹೋಗುತ್ತಿದ್ದವು. 1982ರ ನವೆಂಬರ್‌ನಲ್ಲಿ ಮಂತ್ರಿಮಂಡಲ ಆ ಅಂಕಿಗಳನ್ನೆಲ್ಲ ರಹಸ್ಯವೆಂದು ಘೋಷಿಸಿತು. ತೈಲ ಕಡಿತವಾದ ಮರುವರ್ಷವೇ ಈ ಆಜ್ಞೆ ಹೊರಟಿತು ಎಂಬುದನ್ನು ಗಮನಿಸಿ. ಹೊಗೆ ಹೆಚ್ಚಲಿದೆ ಎಂದು ತಿಳಿದ ಸರ್ಕಾರ ಮೊದಲು ಮುಚ್ಚಿದ್ದು ಕಡತವನ್ನು.

ಇದರ ಫಲ ನಗು ತರಿಸುವಷ್ಟು ವಿಚಿತ್ರವಾಗಿತ್ತು. 1987ರ ಫೆಬ್ರವರಿಯಲ್ಲಿ ಪಶ್ಚಿಮ ಬರ್ಲಿನ್ ಹೊಗೆಮಂಜಿನ ಎಚ್ಚರಿಕೆ ಹೊರಡಿಸಿ ಕಾರುಗಳನ್ನು ರಸ್ತೆಯಿಂದ ತೆಗೆಸಿತು. ಗೋಡೆಯ ಈಚೆ ಬದಿಯಲ್ಲಿ ಅದೇ ಗಾಳಿಯನ್ನು ಉಸಿರಾಡುತ್ತಿದ್ದ ಪೂರ್ವ ಬರ್ಲಿನ್‌ನಲ್ಲಿ ಯಾವ ಎಚ್ಚರಿಕೆಯೂ ಇರಲಿಲ್ಲ.

ಯೋಜನಾ ವ್ಯವಸ್ಥೆಯೊಳಗೆ ಈ ಹೊಗೆ ಹೇಗೆ ಹುಟ್ಟುತ್ತಿತ್ತು ಎಂಬುದನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಕಾರ್ಖಾನೆಯ ನಿರ್ದೇಶಕನ ಗೌರವ, ಬೋನಸ್, ಬಡ್ತಿ ಎಲ್ಲವೂ ಯೋಜನೆಯ ಗುರಿಯನ್ನು ತಲುಪುವುದರ ಮೇಲೆ ನಿಂತಿದ್ದವು, ಮತ್ತು ಗುರಿಯನ್ನು ಬಹುಪಾಲು ಟನ್‌ಗಳಲ್ಲಿ ಅಳೆಯಲಾಗುತ್ತಿತ್ತು. ಜನ ಇದನ್ನು ‘ಟನ್ ಸಿದ್ಧಾಂತ’ ಎಂದು ಗೇಲಿ ಮಾಡುತ್ತಿದ್ದರು. ಹೊಗೆ ಮಿತಿ ಮೀರಿದರೆ ದಂಡವಿತ್ತು. ಆದರೆ ದಂಡ ಕಟ್ಟುವವನು ಸರ್ಕಾರದ ಕಾರ್ಖಾನೆ, ಪಡೆಯುವವನು ಸರ್ಕಾರ. ಕಾರ್ಖಾನೆ ಅದನ್ನು ವೆಚ್ಚದ ಲೆಕ್ಕಕ್ಕೆ ಬರೆದುಕೊಂಡು ಮುಂದೆ ಸಾಗುತ್ತಿತ್ತು. ನಷ್ಟವಾದರೂ ಸರ್ಕಾರ ಕೈಬಿಡುವುದಿಲ್ಲ ಎಂಬ ಈ ಭರವಸೆಯನ್ನು ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಷ್ ಕೊರ್ನಾಯ್ ‘ಮೃದು ಬಜೆಟ್’ ಎಂಬ ಕಲ್ಪನೆಯಿಂದ ವಿವರಿಸಿದರು. ಎಡಗೈಯಿಂದ ಬಲಗೈಗೆ ಹಣ ಹೋದರೆ ಜೇಬಿಗೇನು ನಷ್ಟ?

ಬಳಸುವವರ ಕಡೆಯೂ ಹೀಗೆಯೇ. ಮನೆ ಬಿಸಿಮಾಡುವ ಶುಲ್ಕ ಅತ್ಯಲ್ಪವಾಗಿತ್ತು, ಬಳಸಿದಷ್ಟಕ್ಕೆ ಹಣ ಎಂಬ ಲೆಕ್ಕವಿರಲಿಲ್ಲ. ಹೊಸ ಬಹುಮಹಡಿ ವಸತಿಗಳ ಬಿಸಿನೀರಿನ ರೇಡಿಯೇಟರ್‌ಗಳಿಗೆ ಶಾಖ ತಗ್ಗಿಸುವ ತಿರುಗಣೆಯೇ ಎಷ್ಟೋ ಕಡೆ ಇರಲಿಲ್ಲ. ಕೋಣೆ ಸೆಕೆಯಾದರೆ ಹೊರಗೆ ಹಿಮ ಬೀಳುತ್ತಿದ್ದರೂ ಕಿಟಕಿ ತೆರೆಯುವುದೊಂದೇ ದಾರಿ. ದೇಶದ ತಲಾ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 20 ಟನ್‌ಗೆ ಏರಿದ್ದು ಜನ ಐಷಾರಾಮದಲ್ಲಿದ್ದರೆಂದಲ್ಲ. ಹೆಚ್ಚು ಕಾರು, ಹೆಚ್ಚು ಸರಕು ಇದ್ದ ಪಶ್ಚಿಮ ಜರ್ಮನರದು 12 ಟನ್‌ನ ಆಸುಪಾಸಿನಲ್ಲಿತ್ತು.

ಈ ವ್ಯವಸ್ಥೆಯ ಕಸ ಎಲ್ಲಿ ಬಿತ್ತೆಂದು ನೋಡಬೇಕಾದರೆ ಬಿಟರ್‌ಫೆಲ್ಡ್‌ಗೆ ಹೋಗಬೇಕು. ಅಲ್ಲಿ ಲಿಗ್ನೈಟ್ ಗಣಿ, ವಿದ್ಯುತ್ ಸ್ಥಾವರ, ರಸಾಯನ ಕಾರ್ಖಾನೆ ಒಂದಕ್ಕೊಂದು ಅಂಟಿಕೊಂಡಿದ್ದವು. ಪಕ್ಕದ ವೋಲ್ಫೆನ್‌ನ ಫಿಲ್ಮ್ ಕಾರ್ಖಾನೆ ತನ್ನ ಕೊಳಚೆಯನ್ನು ದಶಕಗಳ ಕಾಲ ಒಂದು ಹಳೆಯ ಗಣಿಗುಂಡಿಗೆ ಸುರಿಯಿತು. ಆ ಕೊಳಕು ಕೊಳಕ್ಕೆ ಜನ ಇಟ್ಟ ಹೆಸರು ‘ಬೆಳ್ಳಿ ಸರೋವರ’. 1988ರಲ್ಲಿ ಕೆಲವರು ಅಲ್ಲಿನ ಗುಂಡಿಗಳನ್ನೂ ಕೊಳವೆಗಳನ್ನೂ ಗುಟ್ಟಾಗಿ ವಿಡಿಯೊ ಮಾಡಿದರು. ಅದು ಗಡಿ ದಾಟಿ ಪಶ್ಚಿಮ ಜರ್ಮನಿಯ ದೂರದರ್ಶನದಲ್ಲಿ ಪ್ರಸಾರವಾಯಿತು. ಪೂರ್ವದ ಮನೆಗಳಲ್ಲೂ ಆ ವಾಹಿನಿ ಕಾಣುತ್ತಿದ್ದುದರಿಂದ, ತಮ್ಮ ಊರಿನ ಸುದ್ದಿಯನ್ನು ಅಲ್ಲಿನ ಜನ ಪರದೇಶದ ಪರದೆಯಲ್ಲಿ ನೋಡಿದರು.

ಎಸ್ಪೆನ್‌ಹೈನ್‌ನವರು ಹುಡುಕಿಕೊಂಡ ಉಪಾಯ ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದದ್ದು. ಸರ್ಕಾರದ ವಿರುದ್ಧ ಸಹಿ ಸಂಗ್ರಹಿಸುವುದು ಅಪರಾಧ. ದಾನ ಪಡೆದು ರಸೀತಿಗೆ ಸಹಿ ಹಾಕಿಸಿಕೊಳ್ಳುವುದು ಅಪರಾಧವಲ್ಲ. ಚರ್ಚ್ ಬಳಗದ ಪರಿಸರ ಗುಂಪೊಂದು ‘ಎಸ್ಪೆನ್‌ಹೈನ್‌ಗೆ ಒಂದು ಮಾರ್ಕ್’ ಎಂದು ಹೇಳಿ, ಹೊಸ ಯಂತ್ರ ಕೊಳ್ಳಲು ತಲಾ ಒಂದು ಮಾರ್ಕ್ ಕೊಟ್ಟವರ ಹೆಸರು ಬರೆಸಿಕೊಳ್ಳತೊಡಗಿತು. ಹತ್ತಾರು ಸಾವಿರ ಜನ ಸಹಿ ಹಾಕಿದರು. ಪೂರ್ವ ಬರ್ಲಿನ್‌ನ ಸಿಯೊನ್ ಚರ್ಚ್‌ನಲ್ಲಿ 1986ರಲ್ಲಿ ಆರಂಭವಾಗಿದ್ದ ಪರಿಸರ ಗ್ರಂಥಾಲಯದ ಮೇಲೆ ರಹಸ್ಯ ಪೊಲೀಸರು 1987ರ ನವೆಂಬರ್‌ನ ಒಂದು ರಾತ್ರಿ ದಾಳಿ ಮಾಡಿ ಅಚ್ಚಿನ ಯಂತ್ರವನ್ನು ಹೊತ್ತೊಯ್ದಿದ್ದರಿಂದ ಇಂಥ ಗುಂಪುಗಳು ಕುಗ್ಗಲಿಲ್ಲ, ಇನ್ನಷ್ಟು ಹೆಸರಾದವು. ನೆರೆಯ ಚೆಕೊಸ್ಲೊವಾಕಿಯದಲ್ಲೂ ಇದೇ ನಡೆಯಿತು. 1989ರ ನವೆಂಬರ್ 11ರಂದು ತೆಪ್ಲಿತ್ಸೆಯಲ್ಲಿ ಜನ ಬೀದಿಗಿಳಿದದ್ದು ಶುದ್ಧ ಗಾಳಿ ಬೇಕೆಂದು; ಅಲ್ಲಿನ ಕಮ್ಯುನಿಸ್ಟ್ ಆಡಳಿತವನ್ನು ಬೀಳಿಸಿದ ಚಳವಳಿಗೆ ಕಿಡಿಯಾದ ಪ್ರಾಗ್‌ನ ಮೆರವಣಿಗೆ ಅದಾದ ಆರು ದಿನಕ್ಕೆ ಆಯಿತು. ಆ ಭಾಗದಲ್ಲಿ ಊರು ಬಿಡದೆ ಉಳಿದವರಿಗೆ ಸರ್ಕಾರ ಕೊಡುತ್ತಿದ್ದ ಭತ್ಯೆಗೆ ಜನರ ಬಾಯಲ್ಲಿ ಇದ್ದ ಹೆಸರು ‘ಹೆಣ ಹೂಳುವ ಹಣ’.

ಇನ್ನು ಒಂದೆರಡು ತಿದ್ದುಪಡಿ ಸೇರಿಸದಿದ್ದರೆ ಚಿತ್ರ ಏಕಪಕ್ಷೀಯವಾದೀತು. ಹಳೆಯ ಕಾಗದ, ಬಾಟಲಿ, ಲೋಹಗಳನ್ನು ಹಣ ಕೊಟ್ಟು ಮರಳಿ ಪಡೆಯುವ ಜಾಲ ಪೂರ್ವ ಜರ್ಮನಿಯಲ್ಲಿ ಬಹಳ ಚೆನ್ನಾಗಿತ್ತು. ಸರಕು ಸಾಗಣೆ ಹೆಚ್ಚಾಗಿ ರೈಲಿನಲ್ಲಿತ್ತು. ಪಶ್ಚಿಮವೂ ಕೈ ತೊಳೆದುಕೊಂಡು ನಿಂತಿರಲಿಲ್ಲ: 1979ರಿಂದ ಗಡಿಯ ಪಕ್ಕದ ಶ್ಯೋನ್‌ಬೆರ್ಗ್‌ನ ಕಸದ ಗುಡ್ಡಕ್ಕೆ ಪಶ್ಚಿಮದ ಅಪಾಯಕಾರಿ ತ್ಯಾಜ್ಯ ಲಾರಿಗಟ್ಟಲೆ ಬರುತ್ತಿತ್ತು, ಪೂರ್ವದ ಸರ್ಕಾರ ಅದಕ್ಕೆ ಪಶ್ಚಿಮದ ಮಾರ್ಕ್‌ಗಳನ್ನು ಎಣಿಸಿಕೊಳ್ಳುತ್ತಿತ್ತು. ಆರೋಗ್ಯದ ಲೆಕ್ಕವೂ ನಾವು ಎಣಿಸಿದಷ್ಟು ನೇರವಲ್ಲ. ಏಕೀಕರಣದ ನಂತರ ವೈದ್ಯೆ ಎರಿಕಾ ಫಾನ್ ಮುಟಿಯುಸ್ ಮತ್ತವರ ಸಂಗಡಿಗರು ಲೈಪ್‌ಜಿಗ್ ಮತ್ತು ಮ್ಯೂನಿಕ್‌ನ ಮಕ್ಕಳನ್ನು ಹೋಲಿಸಿದಾಗ, ಲೈಪ್‌ಜಿಗ್‌ನ ಮಕ್ಕಳಲ್ಲಿ ಬ್ರಾಂಕೈಟಿಸ್ ಹೆಚ್ಚು ಕಂಡಿತು. ಆದರೆ ಆಸ್ತಮಾ ಮತ್ತು ಪರಾಗದ ಅಲರ್ಜಿ ಹೆಚ್ಚಿದ್ದದ್ದು ಶುಭ್ರ ಗಾಳಿಯ ಮ್ಯೂನಿಕ್‌ನಲ್ಲಿ.

ಈಗ ಸಿದ್ಧಾಂತದ ಮಾತು. ಲಂಡನ್‌ನಲ್ಲಿ 1952ರ ಡಿಸೆಂಬರ್‌ನ ಹೊಗೆಮಂಜು ಕೆಲವೇ ದಿನಗಳಲ್ಲಿ ಸಾವಿರಾರು ಜನರನ್ನು ಕೊಂದಿತು. ಜಪಾನಿನ ಮಿನಮಾಟದಲ್ಲಿ ಖಾಸಗಿ ಕಾರ್ಖಾನೆಯೊಂದು ಪಾದರಸವನ್ನು ಸಮುದ್ರಕ್ಕೆ ಬಿಟ್ಟಿತು. ಲಾಭದ ಆಸೆಯೂ ಕೊಲ್ಲುತ್ತದೆ, ಯೋಜನೆಯ ಟನ್ನೂ ಕೊಲ್ಲುತ್ತದೆ. ವ್ಯತ್ಯಾಸ ನನಗೆ ಕಾಣುವುದು ಆಮೇಲಿನ ಹೆಜ್ಜೆಯಲ್ಲಿ. ಲಂಡನ್‌ನ ಸಾವುಗಳು ಸಂಸತ್ತಿನಲ್ಲಿ ಚರ್ಚೆಯಾಗಿ 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಆಯಿತು. ಪೂರ್ವ ಜರ್ಮನಿಯಲ್ಲಿ ಗಣಿಯ ಒಡೆಯ, ಗಣಿಯನ್ನು ತಪಾಸಣೆ ಮಾಡುವವ, ಪತ್ರಿಕೆಯ ಸಂಪಾದಕ, ನ್ಯಾಯಾಧೀಶ, ಆಸ್ಪತ್ರೆಯ ಮುಖ್ಯಸ್ಥ ಎಲ್ಲರೂ ಒಂದೇ ಪಕ್ಷಕ್ಕೆ ಉತ್ತರ ಹೇಳಬೇಕಾದವರು. ದೂರು ಕೊಡುವವನಿಗೆ ಹೋಗಲು ಎರಡನೆಯ ಬಾಗಿಲೇ ಇರಲಿಲ್ಲ.

ಸರ್ಕಾರದ ಒಡೆತನವೊಂದೇ ಇದಕ್ಕೆ ಕಾರಣವಲ್ಲ ಎಂಬುದಕ್ಕೆ ನಮ್ಮ ಕುದುರೆಮುಖವೇ ಸಾಕ್ಷಿ. ಅಲ್ಲಿನ ಕಬ್ಬಿಣದ ಅದಿರಿನ ಕಂಪನಿ ಕೇಂದ್ರ ಸರ್ಕಾರದ್ದು, ಭದ್ರಾ ನದಿಗೆ ಹೂಳು ಹರಿಸಿದ ಆರೋಪವೂ ಅದರ ಮೇಲಿತ್ತು. ಆದರೆ ಹೋರಾಟಗಾರರು ಸುಪ್ರೀಂ ಕೋರ್ಟಿಗೆ ಹೋಗಲು ಸಾಧ್ಯವಿತ್ತು. ನ್ಯಾಯಾಲಯ 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಮ್ಯುನಿಸ್ಟ್ ದೇಶದೊಳಗೇ ಇದಕ್ಕೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಪೋಲೆಂಡಿನಲ್ಲಿ 1980ರಲ್ಲಿ ಸಾಲಿಡಾರಿಟಿ ಕಾರ್ಮಿಕ ಸಂಘ ತಲೆ ಎತ್ತಿ ಬಾಯಿ ಬಿಡಲು ಸ್ವಲ್ಪ ಜಾಗವಾದ ಕೂಡಲೇ, ಕ್ರಾಕೋವ್ ಹತ್ತಿರದ ಸ್ಕವಿನದಲ್ಲಿ ಫ್ಲೋರೈಡ್ ಉಗುಳುತ್ತಿದ್ದ ಅಲ್ಯೂಮಿನಿಯಂ ಕಾರ್ಖಾನೆಯನ್ನು ನಾಗರಿಕರ ಒತ್ತಾಯಕ್ಕೆ 1981ರಲ್ಲಿ ಮುಚ್ಚಬೇಕಾಯಿತು. ಅದೇ ಸಿದ್ಧಾಂತ, ಅದೇ ಯೋಜನೆ. ಬದಲಾದದ್ದು ಮಾತಾಡುವವರ ಸಂಖ್ಯೆ ಮಾತ್ರ.

‘ಹಾಗಾದರೆ ಚೀನಾ?’ ಎಂದು ನೀವು ಕೇಳಬಹುದು, ಕೇಳಬೇಕಾದದ್ದೇ. ಅಲ್ಲಿ ಪಕ್ಷದ ಆಡಳಿತ ಉಳಿದಿದೆ, ಮಾರುಕಟ್ಟೆಯೂ ಬಂದಿದೆ, ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕಲ್ಲಿದ್ದಲು ಅಲ್ಲಿಯೇ ಉರಿಯುತ್ತದೆ. ಬೀಜಿಂಗ್‌ನ ಅಮೆರಿಕ ರಾಯಭಾರ ಕಚೇರಿ 2008ರಿಂದ ತನ್ನ ಮಾಪಕದ ಅಂಕಿಗಳನ್ನು ಬಹಿರಂಗಪಡಿಸತೊಡಗಿದಾಗ ಅಧಿಕಾರಿಗಳು ಆಕ್ಷೇಪಿಸಿದರು. ಕೊನೆಗೆ ತಾವೇ ಪ್ರಕಟಿಸತೊಡಗಿದರು. 2013ರಲ್ಲಿ ಘನಮೀಟರ್‌ಗೆ 90 ಮೈಕ್ರೊಗ್ರಾಂ ಹತ್ತಿರವಿದ್ದ ಆ ನಗರದ ಸೂಕ್ಷ್ಮ ಧೂಳಿನ ವಾರ್ಷಿಕ ಸರಾಸರಿ 2023ಕ್ಕೆ 32ಕ್ಕೆ ಬಂತು. ಪಕ್ಷ ಮನಸ್ಸು ಮಾಡಿದರೆ ಬೇಗ ಮಾಡಬಲ್ಲದು ಎಂಬುದನ್ನು ಇದರಿಂದ ಒಪ್ಪಲೇಬೇಕು. ಆದರೆ ಆ ಮನಸ್ಸು ಬಂದದ್ದು ಅಂಕಿ ಹೊರಬಿದ್ದ ಮೇಲೆ ಎಂಬುದನ್ನೂ ನೆನಪಿಡಬೇಕು. ಮತ್ತು ಧೂಳು ಕಣ್ಣಿಗೆ, ಮೂಗಿಗೆ ತಿಳಿಯುತ್ತದೆ. ಇಂಗಾಲದ ಡೈಆಕ್ಸೈಡ್ ತಿಳಿಯುವುದಿಲ್ಲ. ಮೊದಲನೆಯದನ್ನು ಇಳಿಸಿದ ಪ್ರಜಾಪ್ರಭುತ್ವಗಳೂ ಎರಡನೆಯದರಲ್ಲಿ ದಶಕಗಟ್ಟಲೆ ಕಾಲ ತಳ್ಳಿವೆ.

ಪೂರ್ವ ಜರ್ಮನಿಯ ಗಾಳಿ 1990ರ ನಂತರ ಬೇಗ ತಿಳಿಯಾಯಿತು. ಲಿಗ್ನೈಟ್ ಉತ್ಪಾದನೆ ಐದೇ ವರ್ಷಗಳಲ್ಲಿ ಮೂರನೇ ಒಂದಕ್ಕೆ ಕುಸಿಯಿತು, ಹಳೆಯ ಸ್ಥಾವರಗಳು ಮುಚ್ಚಿದವು, ಉಳಿದವಕ್ಕೆ ಗಂಧಕ ಹಿಡಿಯುವ ಯಂತ್ರ ಬಂತು. ಜೊತೆಗೆ ಗಣಿಗಳಲ್ಲಿ ದುಡಿಯುತ್ತಿದ್ದ ಲಕ್ಷಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮಂದಿ ಹತ್ತು ವರ್ಷಗಳೊಳಗೆ ಕೆಲಸ ಕಳೆದುಕೊಂಡರು. ಜರ್ಮನಿ ಇಂದು 1990ಕ್ಕೆ ಹೋಲಿಸಿ ತೋರಿಸುವ ಹವಾಮಾನ ಸಾಧನೆಯ ಒಂದು ಪಾಲು ಆ ಕುಸಿತದಿಂದ ಬಂದದ್ದು.

ಕೊನೆಯದಾಗಿ ಹೊರ್ನೊ ಎಂಬ ಹಳ್ಳಿಯ ವಿಷಯ, ಏಕೆಂದರೆ ಅದು ನನ್ನ ವಾದಕ್ಕೆ ಪೂರ್ತಿ ಒಗ್ಗುವುದಿಲ್ಲ. ಲೌಸಿಟ್ಸ್ ಸೀಮೆಯಲ್ಲಿ ಸೋರ್ಬ್ ಎಂಬ ಸ್ಲಾವ್ ಭಾಷಿಕರ ನಾಡಿದೆ. ಅಲ್ಲಿ ಲಿಗ್ನೈಟ್ ಗಣಿಗಳು ನೂರಕ್ಕೂ ಹೆಚ್ಚು ಊರುಗಳನ್ನು ನುಂಗಿವೆ. ಹೊರ್ನೊವನ್ನು ಕಿತ್ತುಹಾಕುವ ತೀರ್ಮಾನ ಪೂರ್ವ ಜರ್ಮನಿಯ ಕಾಲದ್ದು. ಸರ್ಕಾರ ಬಿದ್ದಿತು, ತೀರ್ಮಾನ ಬೀಳಲಿಲ್ಲ. ಊರಿನವರಿಗೆ ಈಗ ಪತ್ರಿಕೆಯಿತ್ತು, ವಕೀಲರಿದ್ದರು, ನ್ಯಾಯಾಲಯವಿತ್ತು. ಅವರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು, 2000ದಲ್ಲಿ ಸೋತರು. ಆಗ ಅಲ್ಲಿನ ಗಣಿಗಳನ್ನು ಕೊಂಡದ್ದು ಸ್ವೀಡನ್ ಸರ್ಕಾರದ ಒಡೆತನದ ಕಂಪನಿ. ಊರಿನವರಿಗೆ ಫೋರ್ಸ್ಟ್ ಪಟ್ಟಣದ ಅಂಚಿನಲ್ಲಿ ಹೊಸ ಮನೆಗಳು, ಹೊಸ ಚರ್ಚ್ ಸಿಕ್ಕವು. ಕೊನೆಯ ನಿವಾಸಿಗಳು 2005ರಲ್ಲಿ ಹಳೆಯ ಹೊರ್ನೊ ಬಿಟ್ಟರು. ಅದರಡಿಯ ಲಿಗ್ನೈಟ್ ತೆಗೆದ ಯೆನ್ಶ್‌ವಾಲ್ಡೆ ಗಣಿ 2023ರ ಕೊನೆಗೆ ಮುಚ್ಚಿತು.